ಬೇಡದ್ದನ್ನು ಆಫ್ ಮಾಡಲು ಯಾವ ಬ್ರೌಸರ್ ಬಿಡುತ್ತದೆ? ಐದನ್ನು ಬಳಸಿ ನೋಡಿದ ಮೇಲೆ

ನಾವು ಕೇಳದೆ ಬ್ರೌಸರ್ ಜೊತೆಗೇ ಬಂದ ಸೌಲಭ್ಯಕ್ಕೆ ಒಂದು ಆಫ್ ಸ್ವಿಚ್ ಇರಬೇಕು. ಅದು ಸೆಟ್ಟಿಂಗ್ಸ್‌ನಲ್ಲೇ ಸಿಗಬೇಕು. ಅಪ್‌ಡೇಟ್ ಆದ ಮೇಲೂ ಆಫ್ ಆಗಿಯೇ ಇರಬೇಕು. ಬರೀ ಬಟನ್ ಮರೆಯಾದರೆ ಸಾಲದು, ಕೆಲಸವೂ ನಿಲ್ಲಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ರೋಮ್, ಎಡ್ಜ್, ಬ್ರೇವ್, ವಿವಾಲ್ಡಿ, ಫೈರ್‌ಫಾಕ್ಸ್ ಐದನ್ನೂ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಳಸಿ ನೋಡಿದೆ. ವೇಗ, ಅಂದಚೆಂದ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆಫ್ ಮಾಡಲು ಹೊರಟಿದ್ದು ದಿನಾ ಕಣ್ಣಿಗೆ ಬೀಳುವಂಥವನ್ನೇ: ಪಾಸ್‌ವರ್ಡ್ ಉಳಿಸಲೇ ಎಂಬ ಪ್ರಶ್ನೆ, ಅನುವಾದದ ಪೆಟ್ಟಿಗೆ, ಹೊಸ ಟ್ಯಾಬ್‌ನ ಸುದ್ದಿ, ಪಕ್ಕದಲ್ಲಿ ಕೂರುವ ಎಐ.

ಕ್ರೋಮ್‌ನಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ಜಾಸ್ತಿ ಜನ ಬಳಸುವುದು ಅದನ್ನೇ ಅಲ್ವಾ. ಬ್ರೌಸರ್ ಇಂಗ್ಲಿಷ್‌ನಲ್ಲಿದ್ದರೆ, ಕನ್ನಡ ಪತ್ರಿಕೆಯ ಪುಟ ತೆರೆದಾಗ ಇಂಗ್ಲಿಷ್‌ಗೆ ಅನುವಾದ ಮಾಡಲೇ ಅಂತ ಕೇಳುತ್ತದೆ. ಆ ಪೆಟ್ಟಿಗೆಯ ಮೂರು ಚುಕ್ಕಿ ಒತ್ತಿದರೆ ಕನ್ನಡವನ್ನು ಮಾತ್ರ ಯಾವಾಗಲೂ ಬಿಟ್ಟುಬಿಡು ಅನ್ನುವ ಆಯ್ಕೆ ಸಿಗುತ್ತದೆ. ಇದು ನಿಜಕ್ಕೂ ಒಳ್ಳೆಯ ಏರ್ಪಾಟು. ಕನ್ನಡ ಓದುವವರಿಗೆ ಆ ಪ್ರಶ್ನೆ ಬೇಡ, ಆದರೆ ಜರ್ಮನ್ ಪುಟ ಬಂದಾಗ ಅನುವಾದ ಬೇಕು. ಪಾಸ್‌ವರ್ಡ್ ಪ್ರಶ್ನೆಗೂ ನೇರ ಸ್ವಿಚ್ ಇದೆ.

2018ರಲ್ಲಿ ಕ್ರೋಮ್ 69 ಬಂದಾಗ, ಜಿಮೇಲ್‌ಗೆ ಸೈನ್ ಇನ್ ಆದರೆ ಬ್ರೌಸರ್‌ಗೂ ತಾನಾಗಿ ಸೈನ್ ಇನ್ ಆಗುತ್ತಿತ್ತು. ಬಳಕೆದಾರರು ಜೋರಾಗಿ ವಿರೋಧಿಸಿದರು. ಮುಂದಿನ ಆವೃತ್ತಿಯಲ್ಲೇ ಅದಕ್ಕೆ ಸ್ವಿಚ್ ಬಂತು. ಅಂದರೆ ಸ್ವಿಚ್ ಕೊಡುವುದು ಕಷ್ಟದ ಕೆಲಸವೇನಲ್ಲ. ಆದರೆ ಕ್ರೋಮ್‌ನ ಫ್ಲ್ಯಾಗ್ಸ್ ಪುಟವನ್ನು ನಂಬಿಕೊಂಡು ಕೂರಬೇಡಿ. ಅಲ್ಲಿರುವುದು ಪ್ರಯೋಗದ ಸ್ವಿಚ್‌ಗಳು, ಕೆಲವು ಆವೃತ್ತಿ ಕಳೆದ ಮೇಲೆ ಅವನ್ನು ತೆಗೆದುಹಾಕುತ್ತಾರೆ. ಇಂದು ಅಲ್ಲಿ ಆಫ್ ಮಾಡಿದ್ದು ನಾಳೆಯೂ ಆಫ್ ಇರುತ್ತದೆ ಎಂಬ ಭರವಸೆ ಇಲ್ಲ.

ಎಡ್ಜ್‌ನಲ್ಲಿ ಸ್ವಿಚ್‌ಗಳಿಗೆ ಕೊರತೆ ಇಲ್ಲ. ಶಾಪಿಂಗ್ ಸಲಹೆ, ಅಕ್ಷರ ಆಯ್ದುಕೊಂಡಾಗ ಬರುವ ಪುಟ್ಟ ಮೆನು, ಹೊಸ ಟ್ಯಾಬ್‌ನ ಸುದ್ದಿ, ವಿಂಡೋಸ್ ಜೊತೆಗೇ ಏಳುವ ಸ್ಟಾರ್ಟಪ್ ಬೂಸ್ಟ್, ಎಲ್ಲಕ್ಕೂ ಒಂದೊಂದಿದೆ. ಆದರೆ ಎಲ್ಲವೂ ಒಂದೇ ಕಡೆ ಇಲ್ಲ. ಸುದ್ದಿಯದ್ದು ಹೊಸ ಟ್ಯಾಬ್‌ನ ಗೇರ್ ಗುರುತಿನಲ್ಲಿ, ಮೆನುವಿನದ್ದು ಅಪಿಯರೆನ್ಸ್‌ನಲ್ಲಿ, ಬೂಸ್ಟ್‌ನದ್ದು ಸಿಸ್ಟಮ್‌ನಲ್ಲಿ. ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇರುವವರು ಸ್ಟಾರ್ಟಪ್ ಬೂಸ್ಟನ್ನೂ, ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಆಯ್ಕೆಯನ್ನೂ ಮೊದಲು ಆಫ್ ಮಾಡಿ.

ಹೀಗೆ ಹುಡುಕುವಾಗ ನನ್ನನ್ನು ಜಾಸ್ತಿ ಕಾಡಿದ ವಿಷಯ ಒಂದಿದೆ. ಈ ಬ್ರೌಸರ್‌ಗಳಲ್ಲೆಲ್ಲ ಕಚೇರಿಗಳ ಐಟಿ ವಿಭಾಗಕ್ಕಾಗಿ ಪಾಲಿಸಿ ಅಂತ ಇರುತ್ತದೆ, ಅಂದರೆ ಕಚೇರಿಯ ಕಂಪ್ಯೂಟರ್‌ಗಳಿಗೆಲ್ಲ ಹಾಕುವ ಕಟ್ಟುನಿಟ್ಟಿನ ಸೆಟ್ಟಿಂಗ್. ಕ್ರೋಮ್, ಎಡ್ಜ್‌ಗಾಗಿ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದೊಂದು ಸಾಲು ಬರೆದರೆ ಅನುವಾದ, ಸೈಡ್‌ಬಾರ್, ಶಾಪಿಂಗ್‌ನಂಥ ಸೌಲಭ್ಯಗಳೇ ಪೂರ್ತಿ ನಿಲ್ಲುತ್ತವೆ. ಅಪ್‌ಡೇಟ್ ಬಂದರೂ ಆ ಸಾಲುಗಳು ಅಳಿಯುವುದಿಲ್ಲ. ಬ್ಯಾಂಕಿನ ಸಾವಿರ ಕಂಪ್ಯೂಟರ್‌ಗಳಲ್ಲಿ ಆಫ್ ಮಾಡುವ ದಾರಿ ಇದೆ. ಅದೇ ದಾರಿಯನ್ನು ಮನೆಯಲ್ಲಿ ಬಳಸಿದರೆ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಅಂತ ಬರುತ್ತದೆ. ಸ್ವಂತ ದುಡ್ಡಿನಲ್ಲಿ ತಂದ ಲ್ಯಾಪ್‌ಟಾಪ್‌ನಲ್ಲಿ ಯಾವ ಸಂಸ್ಥೆ? ಆಫ್ ಮಾಡುವ ಕೋಡ್ ಆಗಲೇ ಬರೆದಾಗಿದೆ, ಪರೀಕ್ಷೆಯೂ ಆಗಿದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿಯಾಗಿ ತೋರಿಸುವುದಷ್ಟೇ ಬಾಕಿ. ‘ಜನರಿಗೆ ಗೊಂದಲ ಆಗುತ್ತದೆ’ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ.

ಬ್ರೇವ್‌ನದ್ದೂ ಹೆಚ್ಚುಕಡಿಮೆ ಇದೇ ಕಥೆ. ಜಾಹೀರಾತು ತಡೆಯುವ ಶೀಲ್ಡ್ಸ್ ವಿಷಯದಲ್ಲಿ ಅದನ್ನು ಮೀರಿಸುವವರಿಲ್ಲ. ಸಿಂಹದ ಗುರುತು ಒತ್ತಿ ಒಂದು ಸೈಟಿಗೆ ಮಾತ್ರ ಆಫ್ ಮಾಡಬಹುದು. ಆದರೆ ಕ್ರಿಪ್ಟೋ ಹಣದ ವಾಲೆಟ್, ಜಾಹೀರಾತು ನೋಡಿದ್ದಕ್ಕೆ ಕೊಡುವ ರಿವಾರ್ಡ್ಸ್, ವಿಪಿಎನ್, ಲಿಯೋ ಎಂಬ ಎಐ ಇವುಗಳ ಬಟನ್ ಮರೆಮಾಡುವುದು ಸುಲಭ, ಪೂರ್ತಿ ತೆಗೆಯಬೇಕೆಂದರೆ ಮತ್ತೆ ಪಾಲಿಸಿ ದಾರಿಯನ್ನೇ ಹಿಡಿಯಬೇಕು.

ವಿವಾಲ್ಡಿ ಬೇರೆ ಥರ. ಇದನ್ನು ಕಟ್ಟಿದವರು ಒಪೇರಾ ಸ್ಥಾಪಕರಲ್ಲಿ ಒಬ್ಬರಾದ ಯೋನ್ ಫಾನ್ ಟೆಟ್ಸ್‌ನರ್. 2021ರ ನಾಲ್ಕನೇ ಆವೃತ್ತಿಯಲ್ಲಿ ಒಂದು ಪದ್ಧತಿ ತಂದರು. ಬ್ರೌಸರ್ ಹಾಕಿದ ಕೂಡಲೇ ಕೇಳುತ್ತದೆ: ಅಗತ್ಯದ್ದು ಮಾತ್ರ ಸಾಕೇ, ಸ್ವಲ್ಪ ಜಾಸ್ತಿ ಬೇಕೇ, ಎಲ್ಲವೂ ಬೇಕೇ? ಮೇಲ್, ಕ್ಯಾಲೆಂಡರ್, ಫೀಡ್‌ಗೆ ಒಂದೇ ಟಿಕ್ ಗುರುತು. ತೆಗೆದರೆ ಮೂರೂ ಹೋಗುತ್ತವೆ. ಸೆಟ್ಟಿಂಗ್ಸ್ ಪುಟ ಮಾತ್ರ ದೊಡ್ಡ ಕಾಡು, ಒಳಗಿರುವ ಹುಡುಕು ಪೆಟ್ಟಿಗೆ ಬಳಸದೆ ದಾರಿ ಸಿಗುವುದಿಲ್ಲ. ಕೇಳಿ ಕೊಡುವ ಈ ಪದ್ಧತಿ ಉಳಿದವರಲ್ಲೂ ಇರಬೇಕಿತ್ತು ಅಂತ ಆಸೆಯಾಯಿತು.

ಇನ್ನು ಫೈರ್‌ಫಾಕ್ಸ್. ಅಬೌಟ್ ಕಾನ್ಫಿಗ್ ಎಂಬ ಒಳಗಿನ ಸೆಟ್ಟಿಂಗ್ ಪುಟದಲ್ಲಿ ಏನನ್ನು ಬೇಕಾದರೂ ಬದಲಿಸಬಹುದು ಅಂತ ಅದರ ಅಭಿಮಾನಿಗಳು ಹೇಳುತ್ತಾರೆ. ನಿಜ, ಆದರೆ ‘ಅಪಾಯ ಒಪ್ಪಿಕೊಂಡಿದ್ದೇನೆ’ ಎಂಬ ಬಟನ್ ಒತ್ತಿ ಒಳಗೆ ಹೋಗಬೇಕಾದ ಪುಟವನ್ನು ನಾನು ಸುಲಭ ಅನ್ನುವುದಿಲ್ಲ. 2015ರಲ್ಲಿ, ಆಮೇಲೆ ಓದಲು ಲೇಖನ ಉಳಿಸಿಡುವ ಪಾಕೆಟ್ ಸೇವೆಯನ್ನು ಒಳಗೇ ಸೇರಿಸಿದಾಗ, ಪೂರ್ತಿ ಆಫ್ ಮಾಡುವ ದಾರಿ ಆ ಪುಟದಲ್ಲೇ ಇತ್ತು. ಪಾಕೆಟ್ ಸೇವೆ 2025ರ ಜುಲೈನಲ್ಲಿ ನಿಂತುಹೋಯಿತು. ಅಷ್ಟು ವರ್ಷ ಅದು ಬೇಡವಾದವರು ಆ ಎಚ್ಚರಿಕೆ ದಾಟಿಯೇ ಹೋಗಬೇಕಿತ್ತು.

2013ರಲ್ಲಿ ಫೈರ್‌ಫಾಕ್ಸ್ 23, ವೆಬ್ ಪುಟದೊಳಗೆ ಓಡುವ ಕೋಡ್ ಆದ ಜಾವಾಸ್ಕ್ರಿಪ್ಟನ್ನು ಆಫ್ ಮಾಡುವ ಟಿಕ್ ಗುರುತನ್ನೇ ಸೆಟ್ಟಿಂಗ್ಸ್‌ನಿಂದ ತೆಗೆಯಿತು. ಗೊತ್ತಿಲ್ಲದೆ ಆಫ್ ಮಾಡಿದರೆ ಅರ್ಧ ಸೈಟುಗಳು ಕೆಡುತ್ತವೆ, ಜನ ಬ್ರೌಸರನ್ನು ಬೈಯುತ್ತಾರೆ ಎಂಬುದು ವಾದ. ಇದರಲ್ಲಿ ಅರ್ಥವಿದೆ. ವೆಬ್ ಪುಟ ನಡೆಯಲು ಬೇಕಾದದ್ದು ಬೇರೆ, ಕಂಪನಿ ಮೇಲಿಂದ ಸೇರಿಸಿದ್ದು ಬೇರೆ. ಆದರೂ ಕ್ರೋಮ್ ಜಾವಾಸ್ಕ್ರಿಪ್ಟ್ ಸ್ವಿಚ್ಚನ್ನು ಸೈಟ್ ಸೆಟ್ಟಿಂಗ್ಸ್‌ನಲ್ಲಿ ಈಗಲೂ ಇಟ್ಟಿದೆ. ಬೇಕಾದ ಸೈಟಿಗೆ ಮಾತ್ರ ಬಿಡುವ ಪಟ್ಟಿಯನ್ನೂ ಕೊಟ್ಟಿದೆ. ಈ ಒಂದರಲ್ಲಿ ಕ್ರೋಮ್ ಮುಂದೆ.

ಎಐ ವಿಷಯದಲ್ಲಿ ಫೈರ್‌ಫಾಕ್ಸ್ ಗೆದ್ದಿದೆ. 2026ರ ಫೆಬ್ರವರಿಯ 148ನೇ ಆವೃತ್ತಿಯಿಂದ ಸೆಟ್ಟಿಂಗ್ಸ್‌ನಲ್ಲಿ ಎಐಗೇ ಒಂದು ವಿಭಾಗ ಇದೆ. ಒಂದು ಸ್ವಿಚ್ ಹಾಕಿದರೆ ಈಗಿರುವ ಎಐ ಸೌಲಭ್ಯಗಳೂ, ಮುಂದೆ ಬರುವವೂ ನಿಲ್ಲುತ್ತವೆ. ಅನುವಾದವೂ ಅದೇ ಪಟ್ಟಿಯಲ್ಲಿದೆ. ಅದೊಂದನ್ನು ಉಳಿಸಿಕೊಂಡು ಉಳಿದದ್ದನ್ನು ತಡೆಯಬಹುದು. ಮುಂದೆ ಬರುವುದಕ್ಕೂ ಈಗಲೇ ಉತ್ತರ ಹೇಳಿಡುವ ಅವಕಾಶ ನನಗೆ ತುಂಬಾ ಹಿಡಿಸಿತು.

ಹಾಗಾಗಿ ನನ್ನ ದಿನದ ಕೆಲಸಕ್ಕೆ ಈಗ ಫೈರ್‌ಫಾಕ್ಸ್. ಮನೆಯ ಹಿರಿಯರಿಗೆ ಹಾಕಿಕೊಡುವುದಾದರೆ ವಿವಾಲ್ಡಿ, ಅಗತ್ಯದ್ದು ಮಾತ್ರ ಎಂಬ ಆಯ್ಕೆಯೊಂದಿಗೆ. ಕ್ರೋಮ್ ಬಿಡಲಾಗದವರು ಅನುವಾದದ ಪೆಟ್ಟಿಗೆಯಲ್ಲಿ ಕನ್ನಡವನ್ನು ಬಿಟ್ಟುಬಿಡಲು ಹೇಳಿ, ಸೈನ್ ಇನ್ ಸ್ವಿಚ್ ಒಮ್ಮೆ ನೋಡಿಕೊಳ್ಳಿ. ಎರಡಕ್ಕೂ ಸೇರಿ ಒಂದೆರಡು ನಿಮಿಷ ಸಾಕು.