ಟೆಸ್ಟರ್, ಬೀಪ್ ಪೆನ್, ಮಲ್ಟಿಮೀಟರ್: ಸ್ವಿಚ್ ಬೋರ್ಡ್ ಬಿಚ್ಚುವ ಮುಂಚೆ ನಾನು ನಂಬೋದು ಯಾವುದನ್ನ

ಮನೆಯ ಸ್ವಿಚ್ಚು, ಹೋಲ್ಡರ್, ಫ್ಯಾನ್ ರೆಗ್ಯುಲೇಟರ್ ಬದಲಾಯಿಸೋದು ನಾನೇ. ಮೀಟರ್ ಬೋರ್ಡಿಗೆ ಮಾತ್ರ ಕೈ ಹಾಕಲ್ಲ, ಅದು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೆಲಸ. ಈ ಸಣ್ಣ ಕೆಲಸಗಳಿಗೆ ಮೂರನ್ನೂ ಬಳಸಿ ನೋಡಿದ ಮೇಲೆ ಹೇಳ್ತಿದ್ದೀನಿ, ಒಂದನ್ನೇ ಇಟ್ಟುಕೊಳ್ಳಬೇಕು ಅಂದ್ರೆ ಮಲ್ಟಿಮೀಟರ್ ಇಟ್ಟುಕೊಳ್ಳಿ. ಬೋರ್ಡ್ ಬಿಚ್ಚುವಾಗ ನನಗೆ ಬೇಕಿರೋದು ‘ಇಲ್ಲಿ ಕರೆಂಟ್ ಇಲ್ಲ’ ಅನ್ನೋ ಖಾತ್ರಿ. ಉಳಿದ ಎರಡೂ ಎಡವೋದು ಅಲ್ಲೇ.

ಸ್ಕ್ರೂಡ್ರೈವರ್ ಥರದ ಟೆಸ್ಟರ್ ಎಲ್ಲರ ಮನೆಯಲ್ಲೂ ಇರುತ್ತೆ. ಒಳಗಿನ ನಿಯಾನ್ ದೀಪ ಉರಿಯೋಕೆ ಕರೆಂಟ್ ನಮ್ಮ ಮೈ ಮೂಲಕವೇ ನೆಲಕ್ಕೆ ಇಳಿಯಬೇಕು. ರೆಸಿಸ್ಟರ್ ಅದನ್ನ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆಗೆ ತಡೆಯೋದರಿಂದ ಶಾಕ್ ಹೊಡೆಯಲ್ಲ. ಆದರೆ ಒಣಗಿದ ಮರದ ಸ್ಟೂಲ್ ಮೇಲೆ, ರಬ್ಬರ್ ಚಪ್ಪಲಿ ಹಾಕ್ಕೊಂಡು ನಿಂತರೆ ಆ ದೀಪ ಮಂಕಾಗುತ್ತೆ. ಕಿಟಕಿ ಪಕ್ಕದ ಬೋರ್ಡಾದರೆ ಹಗಲಲ್ಲಿ ಕಾಣೋದೇ ಇಲ್ಲ. ಜಾಗ್ರತೆಗೆ ಅಂತ ಹಾಕಿದ ಚಪ್ಪಲಿಯಿಂದಲೇ ಟೆಸ್ಟರ್ ಸುಳ್ಳು ಹೇಳುತ್ತೆ!

ಬೀಪ್ ಪೆನ್ ತಗೊಂಡಿದ್ದು ಅದಕ್ಕೇ. ತಂತಿ ಮುಟ್ಟೋದೇ ಬೇಡ, ಹತ್ತಿರ ಹಿಡಿದರೆ ಕೂಗುತ್ತೆ. ಸೆಲ್ ಮುಗಿದಿದ್ದರೂ ಸುಮ್ಮನಿರುತ್ತೆ, ಅದೊಂದು ಭಯ.

ಅದಕ್ಕಿಂತ ದೊಡ್ಡ ತಲೆನೋವು ಯುಪಿಎಸ್. ಮೇನ್ ಆಫ್ ಮಾಡಿದ ತಕ್ಷಣ ಯುಪಿಎಸ್ ಕರೆಂಟ್ ಹೋಯ್ತು ಅಂದ್ಕೊಂಡು ಬ್ಯಾಟರಿಯಿಂದ ಲೈಟು, ಫ್ಯಾನ್ ಲೈನಿಗೆ 230 ವೋಲ್ಟ್ ಕೊಡೋಕೆ ಶುರು ಮಾಡುತ್ತೆ. ನಮ್ಮ ಹಾಲಿನ ಬೋರ್ಡಲ್ಲಿ ಮೇನ್ ಲೈನು, ಯುಪಿಎಸ್ ಲೈನು ಎರಡೂ ಒಂದೇ ಪೈಪಲ್ಲಿ ಬಂದಿವೆ. ಮೇನ್ ಆಫ್ ಮಾಡಿ ಪ್ಲೇಟ್ ಬಿಚ್ಚಿ ಪೆನ್ ಹಿಡಿದರೆ ಮೇಲಿನ ಸ್ವಿಚ್ಚಿಗೂ ಕೂಗು, ಕೆಳಗಿನ ಪ್ಲಗ್ಗಿಗೂ ಕೂಗು. ಯಾವ ತಂತಿ ಅಂತ ಹೇಳೋಕೆ ಅದಕ್ಕೆ ಬರಲ್ಲ. ಯುಪಿಎಸ್ ಒಂದನ್ನೇ ಆಫ್ ಮಾಡಿ ಮೇನ್ ಬಿಟ್ಟರೂ ಆಗಲ್ಲ, ಯುಪಿಎಸ್ ಮೂಲಕ ಮೇನ್ ಕರೆಂಟೇ ಹಾದು ಬರುತ್ತಿರುತ್ತೆ. ಎರಡೂ ಆಫ್ ಆಗಬೇಕು.

ಮಲ್ಟಿಮೀಟರ್ ಇದನ್ನ ಅಂಕಿಯಲ್ಲಿ ತೋರಿಸುತ್ತೆ. ಆಫ್ ಮಾಡೋ ಮುಂಚೆ ಎಸಿ ವೋಲ್ಟ್‌ಗೆ ತಿರುಗಿಸಿ ಅದೇ ಬೋರ್ಡಿನ ಪ್ಲಗ್ಗಲ್ಲಿ 230ರ ಆಸುಪಾಸು ಬರುತ್ತಾ ನೋಡ್ತೀನಿ. ಮೀಟರ್ ಸರಿಯಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಎರಡೂ ಆಫ್ ಆದ ಮೇಲೆ ಫೇಸ್ (ಕರೆಂಟ್ ತರೋ ತಂತಿ), ನ್ಯೂಟ್ರಲ್ (ಅದು ವಾಪಸ್ ಹೋಗೋ ತಂತಿ), ಅರ್ಥ್ ಇವುಗಳಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರೂ ಜೋಡಿ ನೋಡ್ತೀನಿ. ಕೆಲವು ಹಳೇ ಮನೆಗಳಲ್ಲಿ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಹಾಕಿರ್ತಾರೆ, ಅಲ್ಲಿ ಸ್ವಿಚ್ ಆಫ್ ಇದ್ದರೂ ಹೋಲ್ಡರಲ್ಲಿ ಫೇಸ್ ಇರುತ್ತೆ. ಅರ್ಥ್‌ಗೆ ಹಿಡಿದು ನೋಡದೇ ಅದು ಸಿಕ್ಕಿಬೀಳಲ್ಲ.

ಇದಕ್ಕೂ ಒಂದು ಕಿರಿಕಿರಿ ಇದೆ. ಎಲ್ಲಿಗೂ ಜೋಡಿಸದ ತಂತಿ ಲೈವ್ ತಂತಿಯ ಪಕ್ಕ ಓಡಿದ್ದರೆ 60, 80 ವೋಲ್ಟ್ ಅಂತ ತೋರಿಸುತ್ತೆ. ಡಿಜಿಟಲ್ ಮೀಟರ್ ಎಳೆಯೋ ಕರೆಂಟ್ ಅತಿ ಕಡಿಮೆಯಾದ್ದರಿಂದ ಪಕ್ಕದ ತಂತಿಯಿಂದ ಬಂದ ಪ್ರಭಾವವೂ ಅಂಕಿಯಾಗಿಬಿಡುತ್ತೆ. ಅದನ್ನ ‘ಸುಳ್ಳು ವೋಲ್ಟೇಜ್’ ಅಂತ ನಾನು ತಳ್ಳಿಹಾಕಲ್ಲ. ಪಕ್ಕದಲ್ಲಿ ಇನ್ನೂ ಏನೋ ಲೈವ್ ಇದೆ ಅಂತಲೇ ಅರ್ಥ. ಸೊನ್ನೆ ಬರೋವರೆಗೆ ಹುಡುಕಿ ಆಫ್ ಮಾಡ್ತೀನಿ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ನೆಲಕ್ಕೆ ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗೋ ಸ್ವಿಚ್) ಇದೆ ಅಂತ ಇದನ್ನೆಲ್ಲ ಬಿಡಬೇಡಿ: ಒಂದು ಕೈ ಫೇಸ್, ಇನ್ನೊಂದು ಕೈ ನ್ಯೂಟ್ರಲ್ ಮುಟ್ಟಿದರೆ ಅದಕ್ಕೆ ಲೀಕೇಜ್ ಕಾಣೋದೇ ಇಲ್ಲ.

ನನ್ನ ಮೀಟರಿಗೆ ಒಂಬೈನೂರು ರೂಪಾಯಿ ಆಯ್ತು. ಕ್ಯಾಟ್ 3 (ಮನೆ ವೈರಿಂಗಿಗೆ ಹೊಂದೋ ಸುರಕ್ಷತಾ ದರ್ಜೆ), 600 ವೋಲ್ಟ್ ಗುರುತಿರೋದನ್ನ, ಪ್ರೋಬ್ (ಚುಚ್ಚೋ ಕಡ್ಡಿ) ತುದಿಗೆ ಕವಚ ಇರೋದನ್ನ ಆರಿಸಿ. ಕೆಂಪು ವೈರು 10 ಆಂಪಿಯರ್ ತೂತಲ್ಲಿದ್ದಾಗ ಪ್ಲಗ್ಗಿಗೆ ಚುಚ್ಚಿದರೆ ನೇರ ಶಾರ್ಟ್, ಪ್ರತಿ ಸಲ ನೋಡಿಕೊಳ್ಳಿ. ಅಷ್ಟು ದುಡ್ಡು ಈಗ ಬೇಡ ಅನ್ನೋರು ಟೆಸ್ಟರಿಂದ ಫೇಸ್ ಯಾವುದು ಅಂತ ಪತ್ತೆ ಮಾಡಿ ಸಾಕು. ಬೋರ್ಡ್ ಬಿಚ್ಚೋಕೆ ಎಲೆಕ್ಟ್ರಿಷಿಯನ್ನನ್ನೇ ಕರೆಸಿ.