ಶಹಾಪುರದ ಸರಾಫ ಅಂಗಡಿಯಲ್ಲಿ ಹಳೆಯ ನಾಣ್ಯ: ಯಾವುದಕ್ಕೆ ಎಷ್ಟು ಕೊಡಬಹುದು

ಬೆಳಗಾವಿಯ ಶಹಾಪುರದಲ್ಲಿ ಬೆಳ್ಳಿ-ಬಂಗಾರದ ಅಂಗಡಿಗಳ ನಡುವೆ ಇರುವ ಒಂದು ಹಳೆಯ ಸರಾಫ ಅಂಗಡಿಯವರು ಒಡವೆಗಳ ಜೊತೆಗೆ ಹಳೆಯ ನಾಣ್ಯಗಳನ್ನೂ ಮಾರುತ್ತಾರೆ. ಹೊಸದಾಗಿ ಸಂಗ್ರಹ ಆರಂಭಿಸಿದವರು ಕಲದಾರ ರೂಪಾಯಿಗಳಿಗಾಗಿ, ಅಂದರೆ ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿಗಳಿಗಾಗಿ, ಇಲ್ಲಿಗೆ ಧೈರ್ಯವಾಗಿ ಹೋಗಬಹುದು. ಆದರೆ ಗಾಜಿನ ಕಪಾಟಿನಲ್ಲಿ ಮಖಮಲ್ಲಿನ ಮೇಲೆ ಜೋಡಿಸಿಟ್ಟ ಉಳಿದ ವಸ್ತುಗಳಿಗೆ ಅವರು ಹೇಳುವ ಬೆಲೆಯನ್ನು ಒಪ್ಪುವ ಮೊದಲು ಬಹಳ ಯೋಚಿಸಬೇಕು.

ಈ ಅಂಗಡಿಯ ದೊಡ್ಡ ಗುಣವೆಂದರೆ, ತೂಕದ ಯಂತ್ರವನ್ನು ಗಿರಾಕಿಯ ಕಣ್ಣೆದುರಿಗೇ ಇಟ್ಟಿದ್ದಾರೆ. ಕೇಳಿದರೆ ಪ್ರತಿಯೊಂದು ನಾಣ್ಯವನ್ನೂ ತೂಗಿ ತೋರಿಸುತ್ತಾರೆ. ಆ ದಿನದ ಬೆಳ್ಳಿಯ ದರದಲ್ಲಿ ಅದರ ಲೋಹಕ್ಕೆ ಎಷ್ಟಾಗುತ್ತದೆ, ಅದರ ಮೇಲೆ ತಾವು ಎಷ್ಟು ಸೇರಿಸಿದ್ದೇವೆ, ಏಕೆ ಸೇರಿಸಿದ್ದೇವೆ ಎಂಬುದನ್ನು ಬಿಡಿಸಿ ಹೇಳುತ್ತಾರೆ. ಬೆಲೆ ನ್ಯಾಯವಾದದ್ದೋ ಅಲ್ಲವೋ ಎಂದು ತಿಳಿಯಬೇಕಾದರೆ ಲೆಕ್ಕವನ್ನು ಇಲ್ಲಿಂದಲೇ ಆರಂಭಿಸಬೇಕು. 1835ರಿಂದ ಮೊದಲು ಈಸ್ಟ್ ಇಂಡಿಯಾ ಕಂಪನಿಯೂ ಆನಂತರ ಬ್ರಿಟಿಷ್ ಸರ್ಕಾರವೂ ಹೊರಡಿಸಿದ ಬೆಳ್ಳಿಯ ರೂಪಾಯಿ ಒಂದು ತೊಲಿ, ಅಂದರೆ 11.66 ಗ್ರಾಂ ತೂಗುತ್ತದೆ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿಯಾದ್ದರಿಂದ, ಒಂದು ಕಲದಾರದಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಸಿಗುತ್ತದೆ. ಹೆಚ್ಚು ಸವೆದ, ಸಾಮಾನ್ಯ ವರ್ಷದ ರೂಪಾಯಿಗೆ ಈ ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚು ಕೊಡಲು ಕಾರಣವಿಲ್ಲ.

ಆರನೆಯ ಜಾರ್ಜ್‌ನ ರೂಪಾಯಿಗಳಲ್ಲಿ ಈ ಲೆಕ್ಕ ಬದಲಾಗುತ್ತದೆ, ಮತ್ತು ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದೂ ಇಲ್ಲಿಯೇ. 1940ರಿಂದ 1945ರವರೆಗಿನ ರೂಪಾಯಿಗಳು ತೂಕದಲ್ಲಿ ಹಿಂದಿನವುಗಳಂತೆಯೇ ಇದ್ದರೂ ಅವುಗಳಲ್ಲಿ ಬೆಳ್ಳಿ ಅರ್ಧದಷ್ಟು ಮಾತ್ರ, ಅಂದರೆ 5.83 ಗ್ರಾಂ. ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿಯ ರೂಪಾಯಿ ಬೇಕೆಂದು ಬರುವವರಿಗೆ 1944ರ ರೂಪಾಯಿಯನ್ನು ವಿಕ್ಟೋರಿಯಾ ರಾಣಿಯ ರೂಪಾಯಿಯ ದರದಲ್ಲಿಯೇ ಕೊಡುವ ವ್ಯಾಪಾರಿಗಳಿದ್ದಾರೆ. ನಾನು ಹೇಳುತ್ತಿರುವ ಅಂಗಡಿಯಲ್ಲಿ ಇವೆರಡನ್ನೂ ಬೇರೆ ಬೇರೆ ತಟ್ಟೆಗಳಲ್ಲಿ ಇಟ್ಟು ಬೇರೆ ದರ ಬರೆದಿದ್ದಾರೆಂಬುದು ಮೆಚ್ಚಬೇಕಾದ ಸಂಗತಿ. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ. ಅದು ನಿಕಲ್, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ.

ನಾಣ್ಯದ ಮೇಲಿನ ಇಸವಿ ಹಳೆಯದಾದಷ್ಟೂ ಬೆಲೆ ಏರುತ್ತದೆಂಬ ನಂಬಿಕೆಯನ್ನು ವ್ಯಾಪಾರಿಗಳು ಚೆನ್ನಾಗಿ ಬಳಸಿಕೊಳ್ಳುತ್ತಾರೆ. 1840 ಎಂದಿರುವ ರೂಪಾಯಿಯನ್ನು ತೋರಿಸಿ, ಇದು ನೂರಾ ಎಂಬತ್ತು ವರ್ಷಕ್ಕೂ ಹಿಂದಿನದು, ಎಲ್ಲಿಯೂ ಸಿಗುವುದಿಲ್ಲ ಎಂದು ಹೇಳುವುದು ಸಾಮಾನ್ಯ. ವಾಸ್ತವದಲ್ಲಿ ಟಂಕಸಾಲೆಗಳು ಅದೇ ಇಸವಿಯನ್ನು ಬದಲಿಸದೆ ಇಪ್ಪತ್ತು ವರ್ಷಗಳಷ್ಟು ಕಾಲ ಅಚ್ಚು ಹಾಕಿದವು. 1862ರ ಇಸವಿಯೂ ಹಾಗೆಯೇ 1874ರವರೆಗೆ ಮುಂದುವರಿಯಿತು. ಆದ್ದರಿಂದ ಈ ಎರಡೂ ಇಸವಿಗಳ ರೂಪಾಯಿಗಳು ಧಾರಾಳವಾಗಿ ಸಿಗುತ್ತವೆ, ಮತ್ತು ಹೆಚ್ಚಿನ ಬೆಲೆಗೆ ಅಚ್ಚಿನ ಸೂಕ್ಷ್ಮ ಭೇದಗಳಾಗಲಿ ಅಪರೂಪದ ಒಳ್ಳೆಯ ಸ್ಥಿತಿಯಾಗಲಿ ಕಾರಣವಾಗಬೇಕೇ ಹೊರತು ಇಸವಿಯಲ್ಲ. ಇದಕ್ಕೆ ವಿರುದ್ಧವಾಗಿ, ಹೊಸದೆನಿಸುವ 1939ರ ರೂಪಾಯಿ ನಿಜವಾಗಿಯೂ ಅಪರೂಪದ್ದು. ಅದಕ್ಕಾಗಿಯೇ ಅದರ ನಕಲಿಗಳೂ ಬಹಳ. ಅದನ್ನು ಯಾವ ಅಂಗಡಿಯ ಮಾತಿನ ಮೇಲೂ ಕೊಳ್ಳಬಾರದು, ತಜ್ಞರ ಪರೀಕ್ಷೆಯಾಗಲೇಬೇಕು. 1911ರಲ್ಲಿ ಐದನೆಯ ಜಾರ್ಜ್‌ನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಆ ಚಿತ್ರವನ್ನು ತಿದ್ದಬೇಕಾಯಿತು. ಆ ವರ್ಷದ ರೂಪಾಯಿಗೆ ಮರು ವರ್ಷದ್ದಕ್ಕಿಂತ ಹೆಚ್ಚು ಕೊಡುವುದು ಸರಿಯೇ, ಆದರೆ ಕಥೆಗೆ ಬೆಲೆ ಕಟ್ಟಿ ಹಲವು ಪಟ್ಟು ಕೇಳಿದರೆ ಬಿಟ್ಟುಬಿಡುವುದೇ ಸರಿ.

ಕೊಳ್ಳುವ ಮೊದಲು ಅಂಚನ್ನು ಭೂತಗನ್ನಡಿಯಿಂದ ನೋಡಲು ಮರೆಯಬಾರದು. ನಮ್ಮ ಭಾಗದಲ್ಲಿ ಕಲದಾರಗಳಿಗೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಳ್ಳುವ ರೂಢಿ ಇದ್ದುದರಿಂದ, ಹಳೆಯ ಸರಗಳನ್ನು ಬಿಚ್ಚಿದಾಗ ಬಂದ ನಾಣ್ಯಗಳೇ ಸರಾಫರ ಬಳಿ ಬಹಳ. ಕೊಂಡಿ ತೆಗೆದು ಅರದಿಂದ ಉಜ್ಜಿದ ಜಾಗದಲ್ಲಿ ಅಂಚಿನ ಗೆರೆಗಳು ಅಳಿಸಿರುತ್ತವೆ. ಸಂಗ್ರಾಹಕರ ದೃಷ್ಟಿಯಲ್ಲಿ ಅಂಥ ನಾಣ್ಯಕ್ಕೆ ಬೆಳ್ಳಿಯ ಬೆಲೆಯಷ್ಟೇ. ತೊಳೆದು ತಿಕ್ಕಿ ಹೊಳಪು ಕೊಟ್ಟ ನಾಣ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಾಲಕ್ರಮದಲ್ಲಿ ಬೆಳ್ಳಿಯ ಮೇಲೆ ಕೂತ ಕಪ್ಪು-ನೀಲಿ ಛಾಯೆ ಹಾಗೆಯೇ ಉಳಿದಿದ್ದರೆ ಅದು ಗುಣವೇ ಹೊರತು ಕೊಳೆಯಲ್ಲ. ಈ ಅಂಗಡಿಯವರು ಇನ್ನೂ ಎಲ್ಲ ನಾಣ್ಯಗಳನ್ನೂ ಒಡವೆಯಂತೆ ಅಂಟವಾಳದ ನೀರಿನಲ್ಲಿ ತಿಕ್ಕಿ ಇಡುತ್ತಾರೆಂಬುದು ನನಗೆ ಬೇಸರದ ಸಂಗತಿ.

ಆದಿಲ್‌ಶಾಹಿ ನಾಣ್ಯಗಳ ಬೆಲೆ ಇಲ್ಲಿ ಅತಿಯಾಗಿದೆ. ವಿಜಯಪುರದ ಸುಲ್ತಾನರ, ಅದರಲ್ಲೂ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ತಾಮ್ರದ ನಾಣ್ಯಗಳು ನಾಲ್ಕು ನೂರು ವರ್ಷ ಹಿಂದಿನವಾದರೂ ಅಪರೂಪದವಲ್ಲ. ಬರಹ ಓದಲಾಗದಷ್ಟು ಸವೆದದ್ದಕ್ಕೂ ಗೋಳಗುಮ್ಮಟದ ಹೆಸರು ಹೇಳಿ ಸಾವಿರಗಳಲ್ಲಿ ಕೇಳುವುದು ನ್ಯಾಯವಲ್ಲ. ಎರಡನೆಯ ಅಲಿ ಆದಿಲ್‌ಶಾಹನ ಕಾಲದ ಲಾರಿನ್, ಅಂದರೆ ಬೆಳ್ಳಿಯ ತಂತಿಯನ್ನು ಮಡಿಸಿ ಅಚ್ಚೊತ್ತಿದ ನಾಣ್ಯ, ಸಂಗ್ರಹಕ್ಕೆ ನಿಜಕ್ಕೂ ಶೋಭೆ ತರುವಂಥದ್ದು. ಆದರೆ ಅದನ್ನು ನಕಲು ಮಾಡುವುದು ಸುಲಭವಾದ್ದರಿಂದ, ಹರಾಜು ಸಂಸ್ಥೆಗಳು ಪ್ರಕಟಿಸುವ ಮಾರಾಟದ ಬೆಲೆಗಳನ್ನೂ ಚಿತ್ರಗಳನ್ನೂ ಹೋಲಿಸಿ ನೋಡಿದ ಮೇಲೆಯೇ ಕೈಹಾಕಬೇಕು.

ಸ್ಮರಣಾರ್ಥ ನಾಣ್ಯಗಳನ್ನು ಇಲ್ಲಿ ಕೊಳ್ಳುವ ಅಗತ್ಯವೇ ಇಲ್ಲ. ಸರ್ಕಾರದ ಟಂಕಸಾಲೆಗಳು ತಮ್ಮ ಜಾಲತಾಣದಲ್ಲಿ ಇವನ್ನು ನೇರವಾಗಿ ಮಾರುತ್ತವೆ. ಮೊದಲು ಅಲ್ಲಿಯ ಬೆಲೆಯನ್ನು ನೋಡಬೇಕು. ಹೊಸ ಸಂಸತ್ ಭವನದ ನೆನಪಿಗೆ 2023ರಲ್ಲಿ ಬಂದ 75 ರೂಪಾಯಿ ನಾಣ್ಯ 35 ಗ್ರಾಂ ತೂಗಿದರೂ ಅದರಲ್ಲಿ ಬೆಳ್ಳಿ ಅರ್ಧ ಮಾತ್ರ ಎಂಬುದನ್ನು ಕಪಾಟಿನ ಚೀಟಿಯಲ್ಲಿ ಬರೆದಿಲ್ಲ. ರಾಮ, ಸೀತೆ, ಹನುಮಂತರ ಚಿತ್ರವಿರುವ 1818ರ ಕಂಪನಿ ನಾಣ್ಯವೆಂದು ತೋರಿಸುವ ತಾಮ್ರದ ಬಿಲ್ಲೆ ನಾಣ್ಯವೇ ಅಲ್ಲ. ಕಂಪನಿ ಅಂಥದ್ದನ್ನು ಎಂದೂ ಹೊರಡಿಸಿರಲಿಲ್ಲ. ಅದು ಅಕ್ಕಿಯನ್ನು ಸೆಳೆಯುತ್ತದೆಂದು ನಂಬಿಸಿ ಲಕ್ಷಗಟ್ಟಲೆ ಕೇಳುವವರು ವಂಚಕರು. ವೈಷ್ಣೋದೇವಿಯ ಚಿತ್ರವಿರುವ 2012ರ ನಾಣ್ಯಕ್ಕೆ ಲಕ್ಷಗಳನ್ನು ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಮೊಬೈಲ್ ಜಾಹೀರಾತುಗಳೂ ಅದೇ ಜಾತಿಯವು. ತನ್ನ ಹೆಸರಿನಲ್ಲಿ ಹಳೆಯ ನೋಟು-ನಾಣ್ಯಗಳಿಗೆ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ.

ಬಿಲ್ಲಿನ ವಿಷಯದಲ್ಲಿ ಅಂಗಡಿಯವರು ಪ್ರಾಮಾಣಿಕರು. ನಾಣ್ಯದ ಇಸವಿ, ತೂಕ, ಲೋಹ ಇವನ್ನು ಬರೆದು ಕೊಡುತ್ತಾರೆ, ನಕಲಿ ಎಂದು ಸಾಬೀತಾದರೆ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಅದೇ ಬಿಲ್ಲಿನಲ್ಲಿ ಸಹಿ ಹಾಕುತ್ತಾರೆ. ಕೊಂಡಿ ಬೆಸೆದಿದ್ದ ನಾಣ್ಯಗಳನ್ನು ಬೇರೆ ತಟ್ಟೆಗೆ ಹಾಕಿ, ಆ ದೋಷವನ್ನು ಚೀಟಿಯಲ್ಲಿಯೇ ಬರೆದಿಡಬೇಕೆಂದು ಅವರಿಗೆ ಹೇಳಿದ್ದೇನೆ. ಅದನ್ನು ಮಾಡುವವರೆಗೆ ಭೂತಗನ್ನಡಿಯನ್ನು ನಾವೇ ಒಯ್ಯಬೇಕು.