ಆವಿಡ್ ತರಗತಿ: ಆರನೆಯ ತರಗತಿಯಲ್ಲೇ ಸೇರಿಸಬೇಕಾದ ಸೇವೆ

ಕ್ಯಾಲಿಫೋರ್ನಿಯಾದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲಿಗರು; ಯಾವ ವರ್ಷ ಯಾವ ವಿಷಯ ಆರಿಸಿಕೊಳ್ಳಬೇಕೆಂದು ತಿಳಿಹೇಳುವ ಅನುಭವಿಗಳು ಅವರ ಮನೆಯಲ್ಲಿ ಇರುವುದಿಲ್ಲ. ಈ ಕೊರತೆ ತುಂಬಲು 1980ರಲ್ಲಿ ಸ್ಯಾನ್ ಡಿಯಾಗೊದ ಕ್ಲೇರ್‌ಮಾಂಟ್ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ ಮೇರಿ ಕ್ಯಾಥರೀನ್ ಸ್ವಾನ್‌ಸನ್ 32 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದ ‘ಆವಿಡ್’ ತರಗತಿಯನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಸಾಧಾರಣ ಅಂಕ ಪಡೆಯುವ ಮಕ್ಕಳನ್ನು ಕಠಿಣ ವಿಷಯಗಳಿಗೆ ಸೇರಿಸಿ, ಜೊತೆಗೆ ದಿನಕ್ಕೊಂದು ಪೀರಿಯಡ್ ಬೆಂಬಲ ನೀಡುವುದು ಇದರ ಕ್ರಮ.

ಇದರ ಜೀವಾಳ ಟ್ಯುಟೋರಿಯಲ್. ಬೀಜಗಣಿತದ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡ ಹುಡುಗಿ ತಾನು ಎಲ್ಲಿಯವರೆಗೆ ಬಂದೆ, ಯಾವ ಹಂತದಲ್ಲಿ ನಿಂತೆ ಎಂಬುದನ್ನು ಮೊದಲೇ ಹಾಳೆಯಲ್ಲಿ ಬರೆದು ತಂದು ಬೋರ್ಡಿನ ಮುಂದೆ ನಿಲ್ಲುತ್ತಾಳೆ; ಸಹಪಾಠಿಗಳು ಉತ್ತರ ಹೇಳಿಕೊಡದೆ, ‘ಈ ಹಂತ ಯಾಕೆ ಹೀಗೆ ಮಾಡಿದೆ?’ ಎಂದು ಪ್ರಶ್ನೆ ಕೇಳುತ್ತಲೇ ಅವಳನ್ನು ಮುಂದಕ್ಕೆ ಕರೆದೊಯ್ಯುತ್ತಾರೆ. ಪಕ್ಕದಲ್ಲಿ ಕೂರುವ ಟ್ಯೂಟರ್ ಬಹುಮಟ್ಟಿಗೆ ಕಾಲೇಜು ವಿದ್ಯಾರ್ಥಿಯೇ ಆಗಿರುವುದರಿಂದ, ಶುಲ್ಕ ಮತ್ತು ಅರ್ಜಿಯ ವಿಚಾರವನ್ನೂ ಮಕ್ಕಳು ಸಂಕೋಚವಿಲ್ಲದೆ ಕೇಳಬಲ್ಲರು.

ಗಣಿತಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಪ್ರೌಢಶಾಲೆಯ ‘ಎ-ಜಿ’ ಎಂಬ, ಒಂದೊಂದು ವರ್ಷದ 15 ಕೋರ್ಸುಗಳಲ್ಲಿ ಕನಿಷ್ಠ ಸಿ ದರ್ಜೆ ಕೇಳುತ್ತವೆ. ಅವುಗಳಲ್ಲಿ ಗಣಿತದ ಪಾಲೇ ಮೂರು ವರ್ಷ. ಒಂಬತ್ತನೆಯ ತರಗತಿಯಲ್ಲಿ ಬೀಜಗಣಿತ ಕೈತಪ್ಪಿದರೆ ಮುಂದಿನ ವರ್ಷಗಳ ಲೆಕ್ಕಾಚಾರವೆಲ್ಲ ಬಿಗಿಯಾಗುತ್ತದೆ. ಹಾಗಾಗಿ ಅದಕ್ಕೂ ಮೊದಲಿನ, ಆರನೆಯ ತರಗತಿಯಿಂದ ಶುರುವಾಗುವ ಮಾಧ್ಯಮಿಕ ಶಾಲೆಯಲ್ಲೇ ಆವಿಡ್ ತರಗತಿ ಇರುವುದು ದೊಡ್ಡ ಅನುಕೂಲ.

ಆದರೆ ಒಂದು ದೋಷ ನನ್ನನ್ನು ಬಹಳ ಕಾಡುತ್ತದೆ. ಆವಿಡ್ ಐಚ್ಛಿಕ ವಿಷಯದ ಪೀರಿಯಡ್‌ನಲ್ಲಿ ನಡೆಯುತ್ತದೆ. ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ, ಇಂಗ್ಲಿಷ್ ಕಲಿಯುವವರ ಪಟ್ಟಿಯಿಂದ ಇನ್ನೂ ಹೊರಬರದ ಮಕ್ಕಳಿಗೆ ಅದೇ ಪೀರಿಯಡ್‌ನಲ್ಲಿ ಭಾಷಾ ತರಗತಿ ಬೀಳುವುದುಂಟು. ಇದರಿಂದ ನೆರವು ಹೆಚ್ಚು ಬೇಕಾದವರೇ ಹೊರಗುಳಿಯುತ್ತಾರೆ. ಪ್ರೌಢಶಾಲೆ ಮುಗಿದೊಡನೆ ಈ ನಿತ್ಯದ ತರಗತಿಯೂ ಮುಗಿಯುತ್ತದೆ. ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರಿ, ಮನೆಯ ಖರ್ಚಿಗೆ ದುಡಿಯುತ್ತಾ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆದು ಪದವಿ ಮುಗಿಸುವ ದಾರಿಯೇ ಅತಿ ಕಷ್ಟದ್ದು. ಕ್ಯಾಲಿಫೋರ್ನಿಯಾದ ಹಲವು ಕಮ್ಯುನಿಟಿ ಕಾಲೇಜುಗಳಲ್ಲಿರುವ, 1981ರಲ್ಲಿ ಹೇವರ್ಡ್‌ನ ಶಾಬೊ ಕಾಲೇಜಿನಲ್ಲಿ ಹುಟ್ಟಿದ ‘ಪುವೆಂಟೆ’ ಯೋಜನೆಗೆ ಸೇರಿದರೆ ಅಲ್ಲಿ ಬೆಂಬಲ ಮುಂದುವರಿಯುತ್ತದೆ.

ಪೋಷಕರು ಆರನೆಯ ತರಗತಿಯ ದಾಖಲಾತಿಯ ಹೊತ್ತಿಗೇ ಆವಿಡ್ ಅರ್ಜಿ ಕೇಳಬೇಕು, ಟ್ಯೂಟರುಗಳು ನಿಜವಾಗಿ ಬರುತ್ತಾರೆಯೇ ಎಂದು ವಿಚಾರಿಸಬೇಕು, ಭಾಷಾ ತರಗತಿಯೊಡನೆ ವೇಳೆ ತಾಕಲಾಡಿದರೆ ಬೆಳಗಿನ ಹೆಚ್ಚುವರಿ ಪೀರಿಯಡ್ ಕೊಡಿರೆಂದು ಕೌನ್ಸೆಲರ್ ಬಳಿ ಲಿಖಿತವಾಗಿ ಕೋರಬೇಕು.